ತಲೆ ಎಂಆರ್‌ಐ ರಿಪೋರ್ಟಲ್ಲಿ ವೈಟ್ ಮ್ಯಾಟರ್ ಚೇಂಜಸ್ ಅಂತ ಬಂದ್ರೆ ಮನೆಯವರು ಎಂತ ಮಾಡ್ಬೇಕು?

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಮಂಗಳೂರಿಗೆ ಹೋಗಿ ತಲೆ ಸ್ಕ್ಯಾನ್ ಮಾಡಿಸ್ಕೊಂಡು ಬರುವ ಅರುವತ್ತು ದಾಟಿದವರ ರಿಪೋರ್ಟಲ್ಲಿ ಒಂದು ಸಾಲು ಹೆಚ್ಚುಕಮ್ಮಿ ಇದ್ದೇ ಇರ್ತದೆ, 'ಕ್ರಾನಿಕ್ ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್' (ಸಣ್ಣ ರಕ್ತನಾಳದಲ್ಲಿ ರಕ್ತ ಕಮ್ಮಿಯಾಗಿ ಆದ ಹಳೇ ಬದಲಾವಣೆ) ಅಂತಲೋ 'ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟೀಸ್' ಅಂತಲೋ. ತಲೆ ತಿರುಗ್ತದೆ ಅಂತ ಹೋದದ್ದು, ಡಾಕ್ಟ್ರು "ಪ್ರಾಯಕ್ಕೆ ಆಗುವಂಥದ್ದು, ಎಂತ ಇಲ್ಲ" ಅಂತ ಕಳಿಸಿರ್ತಾರೆ, ಮನೆಗೆ ಬಂದ ಮೇಲೆ ಮಕ್ಕಳು ಆ ಸಾಲನ್ನು ಮೊಬೈಲಲ್ಲಿ ಹಾಕಿ ನೋಡಿದ್ರೆ ಡಿಮೆನ್ಶಿಯಾ (ಮರೆಗುಳಿ ರೋಗ), ಸ್ಟ್ರೋಕ್ (ಮಿದುಳಿನ ನಾಳ ಕಟ್ಟುದು, ಒಡೆಯುದು) ಅಂತೆಲ್ಲ ಬಂದು ಇಡೀ ಮನೆಗೆ ನಿದ್ದೆ ಇಲ್ಲ. ನನ್ನ ಪ್ರಕಾರ ಆ ಸಾಲನ್ನು ಓದ್ಬೇಕಾದ್ದೇ ಬೇರೆ ರೀತಿ. ಅದು ತಲೆಯ ಸ್ಕ್ಯಾನಲ್ಲಿ ಬಂದ ರಕ್ತನಾಳದ ರಿಪೋರ್ಟ್. ಹಾಗಾಗಿ ಮನೆಯಲ್ಲಿ ಕೆಲಸ ಶುರುವಾಗ್ಬೇಕಾದ್ದು ಬಿಪಿ ಮೆಷಿನ್ ಹತ್ರ, ಮೆಮೊರಿ ಟಾನಿಕ್ ಬಾಟ್ಲಿ ಆಮೇಲೆ ನೋಡುವ.

ಮಿದುಳಿನ ಒಳಗೆ ಎಂತ ಆಗ್ತದೆ

ಮಿದುಳಿನ ಹೊರಗಿನ ಪದರ, ಯೋಚನೆ ಮಾಡುವ ಜೀವಕೋಶಗಳು ಇರುವ ಜಾಗ, ಗ್ರೇ ಮ್ಯಾಟರ್. ಅದರ ಕೆಳಗೆ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ನರತಂತುಗಳು, ಅವುಕ್ಕೆ ಮಯಲಿನ್ ಅಂತ ಕೊಬ್ಬಿನ ಹೊದಿಕೆ ಉಂಟು, ಆ ಕೊಬ್ಬಿನಿಂದಾಗಿಯೇ ಬಿಳಿ ಕಾಣುದು, ವೈಟ್ ಮ್ಯಾಟರ್ ಅಂದ್ರೆ ಇದು, ಮಿದುಳಿನ ಸುಮಾರು ಅರ್ಧ ಇದೇ. ಡೆನ್ಮಾರ್ಕಿನವರು 2003ರಲ್ಲಿ ಲೆಕ್ಕ ಹಾಕಿದ ಪ್ರಕಾರ 20 ವರ್ಷದ ಗಂಡಸಿನ ಮಿದುಳಲ್ಲಿ ಈ ಮಯಲಿನ್ ಇರುವ ತಂತುಗಳ ಒಟ್ಟು ಉದ್ದ ಸುಮಾರು 1,76,000 ಕಿಲೋಮೀಟರ್, ಹೆಂಗಸಿಗೆ 1,49,000, ಮತ್ತೆ 80 ಆಗುವಾಗ ಅದರಲ್ಲಿ ಸುಮಾರು 45 ಪರ್ಸೆಂಟ್ ಹೋಗಿರ್ತದೆ. ಅಂದ್ರೆ ಪ್ರಾಯಕ್ಕೆ ಆಗುವ ಸವೆತ ಅಂತ ಒಂದು ಇದ್ದೇ ಇದೆ, ಡಾಕ್ಟ್ರು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಹಾಲೆಂಡಿನ ರೋಟರ್‌ಡ್ಯಾಮಲ್ಲಿ 60ರಿಂದ 90 ಪ್ರಾಯದ ಸಾವಿರಕ್ಕೂ ಮೇಲೆ ಜನರಿಗೆ ಎಂಆರ್‌ಐ ಮಾಡಿದಾಗ ರಿಪೋರ್ಟಲ್ಲಿ ಹೈಪರ್‌ಇಂಟೆನ್ಸಿಟಿ ಅಂತ ಬರೆಯುವ ಬಿಳಿ ಕಲೆ ಒಂದೂ ಇಲ್ಲದವರು ಸಿಕ್ಕಿದ್ದು ನೂರಕ್ಕೆ ಐದು ಜನ ಮಾತ್ರ.

ಆದ್ರೆ ಯಾರಿಗೆ ಎಷ್ಟು, ಎಷ್ಟು ಬೇಗ ಅನ್ನುದು ಪ್ರಾಯ ಒಂದೇ ನಿರ್ಧರಿಸುದಲ್ಲ. ನಮ್ಮ ಗುಡ್ಡೆ ಬದಿ ಅಡಿಕೆ ತೋಟಕ್ಕೆ ಡ್ರಿಪ್ ಹಾಕಿದವರಿಗೆ ಗೊತ್ತುಂಟಲ್ಲ, ಪೈಪಿನ ತುದಿಯಲ್ಲಿರುವ ಮರಕ್ಕೆ ಪ್ರೆಷರ್ ಸ್ವಲ್ಪ ಕಮ್ಮಿಯಾದ್ರೂ ಮೊದಲು ನೀರು ತಪ್ಪುದು. ಮಿದುಳಿನ ಆಳದ ವೈಟ್ ಮ್ಯಾಟರಿನ ಪರಿಸ್ಥಿತಿಯೂ ಅದೇ, ಮಿದುಳಿನ ಮೇಲ್ಭಾಗದಿಂದ ಕೂದಲೆಳೆಯಷ್ಟು ಸಪೂರದ ರಕ್ತನಾಳಗಳು ಉದ್ದಕ್ಕೆ ಒಳಗೆ ಇಳಿದು ಬರ್ಬೇಕು, ಒಂದು ಕಟ್ಟಿದ್ರೆ ಪಕ್ಕದ್ದರಿಂದ ರಕ್ತ ಬರುವ ದಾರಿ ಹೆಚ್ಚು ಇಲ್ಲ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ರೆ ಈ ಸಪೂರ ನಾಳಗಳ ಗೋಡೆ ದಪ್ಪ ಆಗಿ ಒಳಗಿನ ದಾರಿ ಕಿರಿದಾಗ್ತದೆ, ಬೇಕಾದಾಗ ಹಿಗ್ಗುವ ಗುಣ ಹೋಗ್ತದೆ, ಗೋಡೆಯಿಂದ ಸೋರ್ಲಿಕ್ಕೂ ಶುರುವಾಗ್ತದೆ. ಅದರ ಮೇಲಿಂದ ಪ್ರಾಯಕ್ಕೆ ಹೃದಯದಿಂದ ಹೊರಡುವ ದೊಡ್ಡ ನಾಳವೂ ಗಟ್ಟಿಯಾಗಿ ಪ್ರತಿ ಬಡಿತದ ಹೊಡೆತ ನೇರ ಈ ಸಣ್ಣ ನಾಳಗಳಿಗೆ ತಾಗ್ತದೆ. ಮಯಲಿನ್ ಮಾಡುವ ಕೋಶಗಳಿಗೆ ಆಕ್ಸಿಜನ್ ಕಮ್ಮಿ ಆದ್ರೆ ತಡೆಯುದಿಲ್ಲ, ಹೊದಿಕೆ ಹಾಳಾಗಿ ಅಲ್ಲಿ ನೀರಿನಂಶ ಜಾಸ್ತಿ ಆಗ್ತದೆ, ಎಂಆರ್‌ಐಯ ಫ್ಲೇರ್ ಅನ್ನುವ ಚಿತ್ರದಲ್ಲಿ ಅದೇ ಬೆಳ್ಳಗೆ ಹೊಳೆಯುದು.

ಮೊದಲು ರಿಪೋರ್ಟನ್ನು ಸರಿ ಓದಿ

ರಿಪೋರ್ಟಲ್ಲಿ 'ಫಝೆಕಾಸ್' ಅಂತ ಹೆಸರು, ಪಕ್ಕದಲ್ಲಿ 0ಯಿಂದ 3ರ ಒಳಗೆ ಒಂದು ನಂಬರ್ ಉಂಟಾ ನೋಡಿ. 1987ರಲ್ಲಿ ಫಝೆಕಾಸ್ ಮತ್ತು ಸಂಗಡಿಗರು ಮಾಡಿದ ಸ್ಕೇಲ್ ಅದು. 1 ಅಂದ್ರೆ ಅಲ್ಲಲ್ಲಿ ಚುಕ್ಕೆ, 2 ಅಂದ್ರೆ ಚುಕ್ಕೆಗಳು ಸೇರ್ಲಿಕ್ಕೆ ಶುರು, 3 ಅಂದ್ರೆ ಸೇರಿ ದೊಡ್ಡ ದೊಡ್ಡ ಕಲೆ. ಎಪ್ಪತ್ತೈದು ದಾಟಿದವರಿಗೆ 1 ಬಂದ್ರೆ ತಲೆಬಿಸಿ ಮಾಡುವ ಅಗತ್ಯ ಇಲ್ಲ, ಐವತ್ತರ ಒಳಗಿನವರಿಗೆ 2 ಅಥವಾ 3 ಬಂದ್ರೆ ನ್ಯೂರಾಲಜಿಸ್ಟ್ ಹತ್ರ ಹೋಗ್ಲೇಬೇಕು, ಯಾಕಂದ್ರೆ ಬಿಳಿ ಕಲೆಗಳೆಲ್ಲ ಬಿಪಿಯದ್ದೇ ಆಗ್ಬೇಕಂತ ಇಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್ (ಮಯಲಿನ್ ಹೊದಿಕೆಯನ್ನು ದೇಹವೇ ಹಾಳು ಮಾಡುವ ರೋಗ) ಇರ್ಬಹುದು, ಬಿ12 ಕೊರತೆ ಇರ್ಬಹುದು, ಮೈಗ್ರೇನ್ ಇರುವವರಲ್ಲೂ ಚುಕ್ಕೆ ಕಾಣ್ತದೆ, ಅಪರೂಪಕ್ಕೆ ಕೆಡಾಸಿಲ್ ಅಂತ ವಂಶದಲ್ಲಿ ಬರುವ ರೋಗವೂ ಉಂಟು. ನಂಬರ್ ಬರೆದಿಲ್ಲದಿದ್ರೆ ಮುಂದಿನ ಸಲ ಡಾಕ್ಟ್ರ ಹತ್ರ ಕೇಳಿ, ಕೇಳುದ್ರಲ್ಲಿ ನಾಚಿಕೆ ಎಂತ. ಇನ್ನೆರಡು ಶಬ್ದ ಹುಡುಕಿ: 'ಲಾಕ್ಯುನಾರ್ ಇನ್‌ಫಾರ್ಕ್ಟ್' ಮತ್ತು 'ಮೈಕ್ರೋಬ್ಲೀಡ್'. ಮೊದಲನೆಯದು ಗೊತ್ತಿಲ್ಲದೆ ಆಗಿ ಹೋದ ಸಣ್ಣ ಸ್ಟ್ರೋಕ್, ಎರಡನೆಯದು ಸೂಜಿಮೊನೆಯಷ್ಟು ಹಳೇ ರಕ್ತಸ್ರಾವದ ಗುರ್ತು. ಇವು ಇದ್ರೆ ಮದ್ದಿನ ಲೆಕ್ಕಾಚಾರವೇ ಬೇರೆ.

ಸಿಡಿ ಮತ್ತು ಫಿಲ್ಮ್ ಬಿಸಾಡ್ಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಫಿಲ್ಮೆಲ್ಲ ಅಂಟಿ ಹೋಗ್ತದೆ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕಪಾಟಲ್ಲಿ ನಿಲ್ಲಿಸಿಡಿ, ಮುಂದೆ ಹೋಲಿಸಿ ನೋಡ್ಲಿಕ್ಕೆ ಬೇಕು.

ನೆನಪಿನ ಪರೀಕ್ಷೆಗಿಂತ ಮೊದಲು ನಡಿಗೆ ನೋಡಿ

ಎಲ್ಲರೂ ಕೇಳುದು "ಮರೆವು ಉಂಟಾ" ಅಂತ. ವೈಟ್ ಮ್ಯಾಟರ್ ತೊಂದರೆಯಲ್ಲಿ ಮರೆವು ಹೆಚ್ಚಾಗಿ ಮೊದಲು ಬರುದಿಲ್ಲ, ಮೊದಲು ಬರುದು ನಿಧಾನ. ಕೇಳಿದ್ದಕ್ಕೆ ಉತ್ತರ ಸರಿಯೇ ಬರ್ತದೆ ಆದ್ರೆ ಲೇಟಾಗಿ. ಸೊಸೈಟಿಯ ಲೆಕ್ಕ, ಅಡಿಕೆ ಮಾರಿದ ಬಿಲ್ಲು, ಒಟ್ಟಿಗೆ ಎರಡು ಕೆಲಸ, ಇದೆಲ್ಲ ಮೊದಲಿನ ಹಾಗೆ ಆಗುದಿಲ್ಲ. ಮೊದಲು ಯಕ್ಷಗಾನ ಆಟಕ್ಕೆ, ಜಾತ್ರೆಗೆ, ಪೂಜೆಗೆ ಎದುರು ನಿಲ್ತಿದ್ದವರು "ನಾನು ಬರುದಿಲ್ಲ, ನೀವು ಹೋಗಿ" ಅಂತ ಕೂತುಬಿಡ್ತಾರೆ, ಮನೆಯವರು ಅದನ್ನು ಉದಾಸೀನ ಅಂತ ಬೈತಾರೆ. ಹೆಜ್ಜೆ ಸಣ್ಣದಾಗ್ತದೆ, ಕಾಲು ನೆಲಕ್ಕೆ ಎಳೆದ ಹಾಗೆ ನಡೆಯುದು, ತಿರುಗುವಾಗ ತೂರಾಡುದು, ಮೂತ್ರ ಬಂತು ಅಂದ ಕೂಡ್ಲೆ ಓಡ್ಬೇಕಾಗುದು.

ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿ ನೋಡ್ಬಹುದು. ಕೈ ಇರುವ ಕುರ್ಚಿ ಇಡಿ, ಅಲ್ಲಿಂದ 3 ಮೀಟರ್ ಟೇಪಲ್ಲಿ ಅಳೆದು ನೆಲದಲ್ಲಿ ಗುರ್ತು ಹಾಕಿ. ದಿನಾ ಹಾಕುವ ಚಪ್ಪಲಿಯಲ್ಲೇ ಕುರ್ಚಿಯಿಂದ ಎದ್ದು, ಮಾಮೂಲಿ ಸ್ಪೀಡಲ್ಲಿ ಗುರ್ತಿನವರೆಗೆ ನಡೆದು, ತಿರುಗಿ ಬಂದು ಕೂರ್ಲಿಕ್ಕೆ ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಲ್ಲಿ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಬೀಳುವ ಅಪಾಯ ಉಂಟು ಅಂತ ಲೆಕ್ಕ. ಪಕ್ಕದಲ್ಲೇ ಒಬ್ಬರು ನಿಲ್ಬೇಕು, ಪಾಚಿ ಕಟ್ಟಿದ ಅಂಗಳದಲ್ಲಂತೂ ಮಾಡ್ಲೇಬೇಡಿ, ಚಾವಡಿಯಲ್ಲಿ ಮಾಡಿ. ಮತ್ತೆ ನಡೆಯುವಾಗ ಸುಮ್ಮನೆ ಎಂತಾದ್ರೂ ಮಾತಾಡಿಸಿ ನೋಡಿ, ಉತ್ತರ ಹೇಳ್ಲಿಕ್ಕೆ ನಡಿಗೆ ನಿಲ್ಲಿಸ್ತಾರೆ ಅಂತಾದ್ರೆ ಅದನ್ನೂ ಬರೆದಿಟ್ಟು ಡಾಕ್ಟ್ರಿಗೆ ಹೇಳಿ.

ನಡಿಗೆಯ ತೊಂದರೆ, ಮೂತ್ರದ ಅವಸರ, ಯೋಚನೆ ಮಂದ ಆಗುದು ಮೂರೂ ಒಟ್ಟಿಗೆ ಇದ್ರೆ "ನಾರ್ಮಲ್ ಪ್ರೆಷರ್ ಹೈಡ್ರೋಸೆಫಲಸ್ ಅಲ್ಲ ಅಲ್ವಾ" ಅಂತ ಒಮ್ಮೆ ಕೇಳಿಬಿಡಿ. ಅದು ಮಿದುಳಿನ ಒಳಗೆ ನೀರು ಜಾಸ್ತಿಯಾಗುವ ಬೇರೆ ತೊಂದರೆ, ಆಪರೇಷನ್ ಮಾಡಿದ್ರೆ ಕೆಲವರಿಗೆ ನಡಿಗೆ ವಾಪಸ್ ಬರ್ತದೆ.

ನೆನಪಿನ ಟೆಸ್ಟ್ ಮಾಡುವಾಗ ಒಂದು ವಿಷಯ ನಮ್ಮ ಜಿಲ್ಲೆಯವರಿಗೆ ಮಾತ್ರ ಹೇಳ್ಬೇಕಾದ್ದುಂಟು. ಶಾಲೆ ಕನ್ನಡದಲ್ಲಿ ಕಲಿತು, ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡುವ ಅಜ್ಜನಿಗೆ ಮಲೆಯಾಳದಲ್ಲಿ ಪ್ರಶ್ನೆ ಕೇಳಿದ್ರೆ ಮಾರ್ಕು ಕಮ್ಮಿ ಬರುದು ಮಿದುಳಿನ ತೊಂದರೆಯಿಂದ ಅಲ್ಲ ಮಾರಾಯ್ರೆ. ಡಾಕ್ಟ್ರು ಮಾಡುವ ಮೋಕಾ ಅನ್ನುವ ನೆನಪಿನ ಟೆಸ್ಟ್ ಕನ್ನಡದಲ್ಲೂ ಉಂಟು, ಕನ್ನಡದಲ್ಲೇ ಮಾಡಿ ಅಂತ ಕೇಳಿ. ಕಿವಿ ಮಂದ ಇದ್ರೆ ಅದನ್ನು ಮೊದಲೇ ಹೇಳಿ.

ಬಿಪಿ: ಇಲ್ಲಿ ಪುರ್ಸೊತ್ತು ಮಾಡ್ಕೊಳ್ಳಿ

ವೈಟ್ ಮ್ಯಾಟರ್ ಉಳಿಸ್ಲಿಕ್ಕೆ ಅತಿ ಗಟ್ಟಿ ಆಧಾರ ಇರುದು ಇದಕ್ಕೇ. ಅಮೆರಿಕದ ಸ್ಪ್ರಿಂಟ್ ಅನ್ನುವ ದೊಡ್ಡ ಅಧ್ಯಯನದಲ್ಲಿ 50 ದಾಟಿದ 9,361 ಜನರಲ್ಲಿ ಒಂದು ಗುಂಪಿಗೆ ಮೇಲಿನ ಬಿಪಿ 120ಕ್ಕಿಂತ ಕೆಳಗೆ, ಇನ್ನೊಂದಕ್ಕೆ 140ಕ್ಕಿಂತ ಕೆಳಗೆ ಅಂತ ಗುರಿ ಇಟ್ಟು ನೋಡಿದ್ರು. 2019ರಲ್ಲಿ ಬಂದ ಅದರ ಮಿದುಳಿನ ಭಾಗದ ಫಲಿತಾಂಶದಲ್ಲಿ ಎರಡು ಸಲ ಎಂಆರ್‌ಐ ಮಾಡಿಸಿದವರನ್ನು ಹೋಲಿಸಿದಾಗ ಸುಮಾರು ನಾಲ್ಕು ವರ್ಷದಲ್ಲಿ ಬಿಳಿ ಕಲೆ ಬೆಳೆದದ್ದು 140ರ ಗುಂಪಲ್ಲಿ 1.45 ಘನ ಸೆಂಟಿಮೀಟರ್, 120ರ ಗುಂಪಲ್ಲಿ 0.92. ನಿಂತೇ ಹೋಯ್ತು ಅಂತಲ್ಲ, ಆದ್ರೆ ನಿಧಾನ ಆಯ್ತು. ನೆನಪು, ಯೋಚನಾಶಕ್ತಿ ಸಣ್ಣ ಮಟ್ಟದಲ್ಲಿ ಕುಂದುದೂ ಕಮ್ಮಿ ಆಯ್ತು, ಡಿಮೆನ್ಶಿಯಾ ಕಮ್ಮಿ ಆಯ್ತು ಅಂತ ಮಾತ್ರ ಖಡಾಖಂಡಿತ ಹೇಳುವಷ್ಟು ವ್ಯತ್ಯಾಸ ಸಿಗ್ಲಿಲ್ಲ. ಸಕ್ಕರೆ ಕಾಯಿಲೆ ಇದ್ದವರನ್ನು, ಮೊದಲೇ ಸ್ಟ್ರೋಕ್ ಆದವರನ್ನು ಅದರಲ್ಲಿ ಸೇರಿಸಿರ್ಲಿಲ್ಲ. ಹಾಗಾಗಿ 120 ಅನ್ನುದನ್ನು ನೀವಾಗಿ ಗುರಿ ಮಾಡ್ಕೊಂಡು ಗುಳಿಗೆ ಜಾಸ್ತಿ ತಿನ್ಸುದು ಬೇಡ, ಗುರಿ ಎಷ್ಟು ಅಂತ ಡಾಕ್ಟ್ರು ಹೇಳ್ಲಿ, ನೀವು ಸರಿಯಾದ ನಂಬರ್ ಕೊಂಡು ಹೋಗಿ ಕೊಡಿ.

ಸರಿಯಾದ ನಂಬರ್ ಸಿಗುದೇ ಕಷ್ಟ, ಯಾಕಂದ್ರೆ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, ಬಾಯಲ್ಲಿ ವೀಳ್ಯ ಇಟ್ಕೊಂಡು, ಅಂಗಿ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಪಕ್ಕದ ಮನೆಯವರ ಹತ್ರ ಮಾತಾಡ್ತಾ ಮಾತಾಡ್ತಾ ಬಿಪಿ ನೋಡುವ ಮನೆ ಬೇಕಾದಷ್ಟುಂಟು. ಕ್ರಮ ಹೀಗೆ. ಕಾಫಿ, ಬೀಡಿ, ಹೊಗೆಸೊಪ್ಪು ಹಾಕಿ ಅರ್ಧ ಗಂಟೆ ಆಗಿರ್ಬೇಕು. ಮೂತ್ರ ಮಾಡಿ ಬಂದಿರ್ಬೇಕು. ಬೆನ್ನಿಗೆ ಆಧಾರ ಇರುವ ಕುರ್ಚಿ, ಪಾದ ಎರಡೂ ನೆಲಕ್ಕೆ ತಾಗಿರ್ಬೇಕು, ಕಾಲ ಮೇಲೆ ಕಾಲು ಹಾಕ್ಬಾರ್ದು. ಐದು ನಿಮಿಷ ಸುಮ್ಮನೆ ಕೂತ ಮೇಲೆ ಕೈಯನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇಟ್ಟು ಬರೀ ತೋಳಿಗೆ ಪಟ್ಟಿ ಕಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದ್ರೆ ಇಲ್ಲದ ಬಿಪಿ ತೋರಿಸ್ತದೆ, ದೊಡ್ಡ ಪಟ್ಟಿ ಬೇರೆ ಸಿಗ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಗುಳಿಗೆ ತಗೊಳ್ಳುವ ಮೊದಲು ಮತ್ತು ರಾತ್ರಿ, ಹೀಗೆ ಒಂದು ವಾರ. ಮೊದಲನೇ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೀರಿ, ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಮೇಲೆ ಇದ್ರೆ ಬಿಪಿ ಜಾಸ್ತಿ ಅಂತಲೇ. ಮಣಿಗಂಟಿಗೆ ಕಟ್ಟುವ ಮೆಷಿನ್ ತಗೊಳ್ಬೇಡಿ, ತೋಳಿಗೆ ಕಟ್ಟುವಂಥದ್ದು ತಗೊಳ್ಳಿ.

ಇನ್ನೊಂದು ಅಳತೆ ಯಾರೂ ಮಾಡುದಿಲ್ಲ, ಅದು ನಿಂತ ಮೇಲಿನ ಬಿಪಿ. ಮಲಗಿದಲ್ಲಿ ಅಥವಾ ಕೂತಲ್ಲಿ ಒಮ್ಮೆ ನೋಡಿ, ನಿಲ್ಲಿಸಿ ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ನೋಡಿ, ಮೇಲಿನ ನಂಬರ್ 20 ಅಥವಾ ಕೆಳಗಿನ ನಂಬರ್ 10 ಇಳಿದ್ರೆ ಅದೇ ಬೆಳಗಾತ ಎದ್ದಾಗ ಕಣ್ಣು ಕತ್ತಲೆ ಬರುದಕ್ಕೆ ಕಾರಣ. ಇಂಥವರಿಗೆ ಬಿಪಿ ಗುಳಿಗೆ ಜಾಸ್ತಿ ಮಾಡಿದ್ರೆ ಬಚ್ಚಲಲ್ಲಿ ಬೀಳ್ಬಹುದು, ಡಾಕ್ಟ್ರಿಗೆ ಈ ನಂಬರ್ ತೋರಿಸ್ಲೇಬೇಕು.

ಬಿಪಿ ನಾರ್ಮಲ್ ಬಂತು ಅಂತ ಗುಳಿಗೆ ನಿಲ್ಲಿಸುವವರ ಹತ್ರ ಎಂತ ಹೇಳುದು, ಗುಳಿಗೆ ತಿಂದದ್ದಕ್ಕೇ ನಾರ್ಮಲ್ ಬಂದದ್ದು. ನಮ್ಮ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರಿನ ಮದ್ದು ಸಿಗ್ತದೆ, ತಿಂಗಳಿಗೊಮ್ಮೆ ಹೋಗಿ ತಂದ್ರಾಯ್ತು. ಮತ್ತೆ ಗಂಟುನೋವಿಗೆ ಅಂತ ಮೆಡಿಕಲ್ಲಿಂದ ನೇರ ತಂದು ತಿನ್ನುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಬಿಪಿ ಏರಿಸ್ತವೆ, ಕಿಡ್ನಿಗೂ ಒಳ್ಳೇದಲ್ಲ. ಎಷ್ಟು ಮದ್ದು ಕೊಟ್ರೂ ಬಿಪಿ ಇಳಿಯುದಿಲ್ಲ ಅನ್ನುವ ಮನೆಯಲ್ಲಿ ಮೊದಲು ತಲೆದಿಂಬಿನ ಹತ್ರ ಇರುವ ಸ್ಟ್ರಿಪ್ ನೋಡಿ.

ಉಪ್ಪು

ವಿಶ್ವ ಆರೋಗ್ಯ ಸಂಸ್ಥೆ ಹೇಳುದು ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ, ಅಂದ್ರೆ ಎಲ್ಲ ಸೇರಿ ಒಂದು ಟೀ ಚಮಚ. ನಮ್ಮ ಊಟದಲ್ಲಿ ಪದಾರ್ಥಕ್ಕೆ ಹಾಕಿದ ಉಪ್ಪಲ್ಲದೆ ಬದಿಯಲ್ಲಿ ಬರುವ ಉಪ್ಪೂ ಉಂಟು: ಗಂಜಿಗೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳ್ಕ, ಮಳೆಗಾಲಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮೀನು ತಿನ್ನುವವರಿಗೆ ಒಣಮೀನು. ಬಿಡಿ ಅಂದ್ರೆ ಯಾರೂ ಬಿಡುದಿಲ್ಲ, ನಾನೂ ಬಿಡುದಿಲ್ಲ. ಒಂದು ಊಟಕ್ಕೆ ಇವುಗಳಲ್ಲಿ ಒಂದೇ ಅಂತ ಮಾಡಿ, ಸೊಳೆಯನ್ನು ನೀರು ಬದಲಿಸಿ ಬದಲಿಸಿ ಉಪ್ಪು ಬಿಡಿಸಿ, ಆಮೇಲೆ ಪಲ್ಯಕ್ಕೆ ಬೇರೆ ಉಪ್ಪು ಹಾಕ್ಬೇಡಿ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕದೆ ಚಟ್ನಿಯಲ್ಲೇ ಮುಗಿಸ್ಬಹುದು. ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪಲ್ಲಿ ಪೊಟ್ಯಾಶಿಯಂ ಇರ್ತದೆ, ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್ ತರದ ಬಿಪಿ ಗುಳಿಗೆ ತಿನ್ನುವವರು ಕೇಳದೆ ತಗೊಳ್ಬೇಡಿ.

ಉಳಿದ ಪರೀಕ್ಷೆಗಳು

ಶುಗರ್ ಬೆಳಿಗ್ಗೆ ಖಾಲಿಹೊಟ್ಟೆಯದ್ದು ಮಾತ್ರ ನೋಡಿದ್ರೆ ಸಾಲದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿ ಎ ಒನ್ ಸಿ ಮಾಡಿಸಿ. ಕೊಲೆಸ್ಟ್ರಾಲ್ ಒಟ್ಟು ಎಷ್ಟು ಅನ್ನುದಕ್ಕಿಂತ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ನೋಡಿ. ಬಿ12 ಸಸ್ಯಾಹಾರಿ ಮನೆಗಳಲ್ಲಿ ಕಮ್ಮಿ ಇರುದು ತುಂಬಾ ಸಾಮಾನ್ಯ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಿಗೂ ಕಮ್ಮಿ ಆಗ್ತದೆ, ಹಿಮೋಗ್ಲೋಬಿನ್ ಸರಿ ಉಂಟು ಅಂತ ಬಿ12 ಸರಿ ಇರ್ಬೇಕಂತ ಇಲ್ಲ. ಪಾದ ಜೋಮು ಹಿಡಿದು ಕತ್ತಲಲ್ಲಿ ತೂರಾಡುವವರಿಗೆ ಇದನ್ನು ಮಾಡಿಸ್ಲೇಬೇಕು, ಇಂಜೆಕ್ಷನಲ್ಲೋ ಗುಳಿಗೆಯಲ್ಲೋ ಸರಿ ಮಾಡ್ಬಹುದಾದ ವಿಷಯ.

ನಾಡಿ ಒಂದು ನಿಮಿಷ ಹಿಡಿದು ನೋಡಿ, ತಾಳ ತಪ್ತಾ ಉಂಟು ಅಂತ ಅನಿಸಿದ್ರೆ ಅಥವಾ ಬಿಪಿ ಮೆಷಿನ್ ಪದೇ ಪದೇ ಬಡಿತ ತಪ್ಪಿದ ಗುರ್ತು ತೋರಿಸಿದ್ರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಷನ್ ಅಂತಾದ್ರೆ ಹೃದಯದಲ್ಲಿ ಗಡ್ಡೆಕಟ್ಟಿದ ರಕ್ತ ಮಿದುಳಿಗೆ ಹೋಗಿ ದೊಡ್ಡ ಸ್ಟ್ರೋಕ್ ಆಗ್ಬಹುದು, ಅದಕ್ಕೆ ಬೇರೆಯೇ ಮದ್ದುಂಟು. ಜೋರು ಗೊರಕೆ, ನಡುವಲ್ಲಿ ಉಸಿರು ನಿಂತ ಹಾಗಾಗಿ ಮತ್ತೆ ಗಕ್ಕನೆ ಎಳೆಯುದು, ಹಗಲೆಲ್ಲ ತೂಕಡಿಕೆ ಇದ್ರೆ ಸ್ಲೀಪ್ ಅಪ್ನಿಯಾ ಇರ್ಬಹುದು, ಅದು ಇದ್ರೆ ರಾತ್ರಿ ಇಳಿಯಬೇಕಾದ ಬಿಪಿ ಇಳಿಯುದಿಲ್ಲ.

ಬೀಡಿ ಸಿಗರೇಟಿನ ಬಗ್ಗೆ ಹೇಳ್ಬೇಕಾದ್ದಿಲ್ಲ. ಎಲೆಅಡಿಕೆಯ ಬಗ್ಗೆ ಹೇಳಿದ್ರೆ ನಮ್ಮಲ್ಲಿ ಕೋಪ ಬರ್ತದೆ, ಅಡಿಕೆ ನಮ್ಮ ಅನ್ನ ಅಲ್ವಾ, ಆದ್ರೂ ಹೊಗೆಸೊಪ್ಪಿನ ನಿಕೋಟಿನ್ ಹೊಗೆ ಇಲ್ಲದಿದ್ರೂ ನಾಳವನ್ನು ಬಿಗಿ ಮಾಡ್ತದೆ, ಹೊಗೆಸೊಪ್ಪನ್ನಾದ್ರೂ ಮೊದಲು ಬಿಡಿ.

ನಡೆಯುದು, ಕಿವಿ, ಮದ್ದಿನ ಡಬ್ಬಿ

ವಾರಕ್ಕೆ 150 ನಿಮಿಷ ಸ್ವಲ್ಪ ಏದುಸಿರು ಬರುವ ಹಾಗೆ ನಡೀಬೇಕು, ವಾರಕ್ಕೆರಡು ದಿನ ಕಾಲಿನ ಶಕ್ತಿಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡ್ಬೇಕು. ತೋಟದಲ್ಲಿ ಕೆಲಸ ಮಾಡ್ತೇನೆ ಅಂತ ಹೇಳುವವರು ಹೆಚ್ಚಾಗಿ ತೋಟದ ಬದಿಯಲ್ಲಿ ನಿಂತು ಕೆಲಸದವರಿಗೆ ಹೇಳುದು, ಅದು ಲೆಕ್ಕಕ್ಕಿಲ್ಲ. ಜೂನಿಂದ ಸಪ್ಟೆಂಬರ್ ವರೆಗೆ ನಮ್ಮ ಮಳೆಯಲ್ಲಿ ಹೊರಗೆ ಹೋಗ್ಲಿಕ್ಕಾಗುದಿಲ್ಲ, ಚಾವಡಿಯಲ್ಲೋ ಜಗಲಿಯಲ್ಲೋ ಆಚೆ ಈಚೆ ನಡೆದ್ರೂ ಆಗ್ತದೆ.

2024ರಲ್ಲಿ ಲ್ಯಾನ್ಸೆಟ್ ಆಯೋಗ ಡಿಮೆನ್ಶಿಯಾಕ್ಕೆ ಬದಲಾಯಿಸ್ಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು, ಅದರಲ್ಲಿ ಬಿಪಿ, ಶುಗರ್, ಎಲ್‌ಡಿಎಲ್, ಧೂಮಪಾನದ ಜೊತೆ ಕಿವಿ ಕೇಳದಿರುದು, ಕಣ್ಣು ಕಾಣದಿರುದು ಕೂಡ ಉಂಟು. ಕಿವಿಗೆ ಮೆಷಿನ್ ಹಾಕಿಸ್ಲಿಕ್ಕೆ ಮರ್ಯಾದೆ ಹೋಗ್ತದೆ ಅಂತ ಕೂರ್ಬೇಡಿ, ಪೊರೆ ಬಂದಿದ್ರೆ ಆಪರೇಷನ್ ಮಾಡಿಸಿ.

ಇನ್ನು ಮದ್ದಿನ ಡಬ್ಬಿ. ಸ್ಟ್ರೋಕ್ ಆಗದೆ ಬರೀ ಬಿಳಿ ಕಲೆ ಕಂಡದ್ದಕ್ಕೆ ಆಸ್ಪಿರಿನ್ ಶುರು ಮಾಡ್ಬಾರ್ದು, ಯುರೋಪಿನ ಸ್ಟ್ರೋಕ್ ತಜ್ಞರ ಮಾರ್ಗಸೂಚಿಯೂ ಅದನ್ನೇ ಹೇಳುದು, ರಕ್ತಸ್ರಾವದ ಅಪಾಯ ಉಂಟು. ಆದ್ರೆ ಸ್ಟ್ರೋಕೋ ಹಾರ್ಟ್ ಎಟೇಕೋ ಆಗಿ ಡಾಕ್ಟ್ರು ಕೊಟ್ಟದ್ದಾದ್ರೆ ನಿಲ್ಲಿಸ್ಲೇಬಾರ್ದು. ನಿದ್ದೆಗೆ ಅಂತ ವರ್ಷಗಟ್ಟಲೆ ತಿನ್ನುವ ಆಲ್ಪ್ರಜೋಲಾಂ, ಶೀತಕ್ಕೆ ತುರಿಕೆಗೆ ಕೊಡುವ ಮಂಪರು ಗುಳಿಗೆ, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ತರದ್ದು, ಇವೆಲ್ಲ ಮೊದಲೇ ನಿಧಾನ ಆದ ತಲೆಯನ್ನು ಇನ್ನೂ ಮಂಕು ಮಾಡ್ತವೆ. ಒಂದು ಸಂಚಿಯಲ್ಲಿ ಮನೆಯ ಎಲ್ಲ ಮದ್ದು, ಕಷಾಯದ ಬಾಟ್ಲಿ ಸಮೇತ, ತುಂಬಿಸ್ಕೊಂಡು ಹೋಗಿ ಡಾಕ್ಟ್ರ ಮೇಜಿನ ಮೇಲೆ ಇಡಿ, ಆಲ್ಪ್ರಜೋಲಾಂ ಮಾತ್ರ ಒಮ್ಮೆಲೇ ನಿಲ್ಲಿಸ್ಬೇಡಿ, ನಿಧಾನ ಇಳಿಸ್ಬೇಕು. ಮೆಮೊರಿ ಟಾನಿಕ್, ಮಿದುಳಿಗೆ ಶಕ್ತಿ ಅಂತ ಮಾರುವ ಕ್ಯಾಪ್ಸೂಲ್ ಬಿಳಿ ಕಲೆ ಅಳಿಸುದಿಲ್ಲ, ಆ ದುಡ್ಡಲ್ಲಿ ಒಳ್ಳೇ ಬಿಪಿ ಮೆಷಿನ್ ಬರ್ತದೆ.

ಹೊಸ ತೊಂದರೆ ಇಲ್ಲದೆ ಪ್ರತಿ ವರ್ಷ ಎಂಆರ್‌ಐ ಮಾಡಿಸುದೂ ಬೇಡ, ರಿಪೋರ್ಟ್ ಎಂತ ಬಂದ್ರೂ ಮಾಡುವ ಕೆಲಸ ಇದೇ.

ಸ್ಟ್ರೋಕ್ ಆದ್ರೆ ಎಲ್ಲಿಗೆ, ಇವತ್ತೇ ತೀರ್ಮಾನ ಮಾಡಿ

ಫಝೆಕಾಸ್ 2, 3 ಇರುವವರಿಗೆ ಸ್ಟ್ರೋಕಿನ ಅಪಾಯ ಬೇರೆಯವರಿಗಿಂತ ಜಾಸ್ತಿ. ಇದ್ದಕ್ಕಿದ್ದ ಹಾಗೆ ಬಾಯಿ ಒಂದು ಬದಿಗೆ ಸೊಟ್ಟ, ಒಂದು ಕೈ ಕಾಲು ಬಲ ಇಲ್ಲ, ಮಾತು ತೊದಲುದು ಅಥವಾ ಹೇಳಿದ್ದು ಅರ್ಥ ಆಗದ್ದು, ಕಣ್ಣು ಕಾಣದ್ದು, ಬ್ಯಾಲೆನ್ಸ್ ತಪ್ಪುದು, ಇದರಲ್ಲಿ ಒಂದಾದ್ರೂ ಹೊರಡ್ಬೇಕು. ಐದು ನಿಮಿಷದಲ್ಲಿ ಸರಿಯಾಯ್ತು ಅಂದ್ರೂ ಹೊರಡ್ಬೇಕು. ಗಡ್ಡೆ ಕರಗಿಸುವ ಇಂಜೆಕ್ಷನಿಗೆ ಸಮಯ ನಾಲ್ಕೂವರೆ ಗಂಟೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ದೊಡ್ಡ ನಾಳ ಕಟ್ಟಿದ್ರೆ ಗಡ್ಡೆ ಎಳೆದು ತೆಗೆಯುವ ಚಿಕಿತ್ಸೆ ಆಯ್ದ ಕೆಲವರಿಗೆ 24 ಗಂಟೆ ವರೆಗೂ ಆಗ್ತದೆ. ಹಾಗಂತ ಕಷಾಯ ಕುಡಿಸಿ, ಎಣ್ಣೆ ತಿಕ್ಕಿ, ಬೆಳಿಗ್ಗೆ ನೋಡುವ ಅಂತ ಕೂತ್ರೆ ಆಗುದಿಲ್ಲ. ಬಾಯಿಗೆ ನೀರೂ ಬೇಡ, ಗಂಟಲಿಗೆ ಹೋಗಿ ಉಸಿರು ಕಟ್ಬಹುದು, ಆಸ್ಪಿರಿನ್ನೂ ಬೇಡ, ಸ್ಕ್ಯಾನ್ ಮಾಡದೆ ಒಳಗೆ ಕಟ್ಟಿದ್ದೋ ಒಡೆದದ್ದೋ ಗೊತ್ತಾಗುದಿಲ್ಲ.

ಸಿಟಿ ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ 24 ಗಂಟೆಯೂ ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಫೋನ್ ಮಾಡಿ ಕೇಳಿಟ್ಕೊಳ್ಳಿ, ಕೇರಳ-ಕರ್ನಾಟಕ ಗಡಿಯ ಈಚೆ ಒಂದು, ಆಚೆ ಒಂದು. 2020ರ ಮಾರ್ಚಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಬಂದ್ ಮಾಡಿ ಆ್ಯಂಬುಲೆನ್ಸನ್ನೂ ಬಿಡದೆ ನಮ್ಮವರು ಎಷ್ಟು ಕಷ್ಟಪಟ್ರು ಅಂತ ನೆನಪಿದ್ದವರಿಗೆ ಎರಡು ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. 108 ಮತ್ತು ಊರಿನ ಜೀಪೋ ಕಾರೋ ಇರುವವರ ನಂಬರ್ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಸಿ, ಅದರ ಕೆಳಗೆ ತಿನ್ನುವ ಮದ್ದುಗಳ ಹೆಸರು, ರಕ್ತ ತೆಳು ಮಾಡುವ ಮದ್ದು ಉಂಟಾ ಇಲ್ವಾ ಅಂತ ದೊಡ್ಡ ಅಕ್ಷರದಲ್ಲಿ ಬರೀರಿ. ಹೊರಡುವಾಗ ಕೊನೆಗೆ ಎಷ್ಟು ಗಂಟೆಗೆ ಅವರು ಸರಿ ಇದ್ದದ್ದು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ, ಎಮರ್ಜೆನ್ಸಿಯಲ್ಲಿ ಮೊದಲು ಕೇಳುದು ಅದನ್ನೇ.